ಮಗಳಿಗೊಂದು ಪತ್ರ: ಅಮಾಸಿ ಊಟದಾಗ ಖಾಲಿ ಇದ್ದ ಜಾಗ

ಅವ್ವಿ,

ನಿನ್ನಿ ರಾತ್ರಿ ನೀ ಫೋನ್ ಇಟ್ಟ ಮ್ಯಾಲ ನಂಗ ನಿದ್ದಿ ಹತ್ಲಿಲ್ಲ. ನಿಮ್ಮ ಪಪ್ಪಾ ಗೊರಕಿ ಹೊಡಿಲಕತ್ತಿದ್ರು, ನಾ ಎದ್ದು ಅಡಗಿಮನಿ ಲೈಟ್ ಹಚ್ಕೊಂಡು ಕುಂತೆ. ಈ ವಾರ ಮಹಿಳಾ ಕೂಟದಾಗ ಸಂದೇಶ ಕೊಡೋ ಪಾಳಿ ನಂದದ, ಅದಕ್ಕ ಅಂತ ತೆಗದಿಟ್ಟ ಬೈಬಲ್ ಟೇಬಲ್ ಮ್ಯಾಲ ಹಂಗೇ ಬಿದ್ದಿತ್ತು. ಪಾಠ ಯಾವ್ದು ಗೊತ್ತೇನು, 1 ಸಮುವೇಲ 20. ದಾವೀದ, ಯೋನಾತಾನ, ಇಬ್ಬರು ಜೀವದ ಗೆಳೆಯರ ಕತಿ. ನಗಬ್ಯಾಡ, ನಾ ಆರಿಸಿದ್ದಲ್ಲ ಅದು, ಪಾಸ್ಟರ್ ಅಮ್ಮ ಚೀಟಿಯಾಗ ಬರದು ಕೊಟ್ಟಾರ.

ಫೋನಿನಾಗ ನೀ ಮೂರು ಸಲ ಒಂದೇ ಮಾತು ಹೇಳ್ದಿ. ಮಮ್ಮಿ ನಾ ಏನೂ ಮಾಡಿಲ್ಲ, ನಾ ಸುಮ್ನಿದ್ದೆ ಅಷ್ಟ. ಟ್ರಿಪ್ಪಿಗೆ ಅಂತ ಕ್ಲಾಸಿನವ್ರು ಕೂಡಿಸಿದ ರೊಕ್ಕದಾಗ 4,000 ರೂಪಾಯಿ ಕಮ್ಮಿ ಬಂತು, ಲೆಕ್ಕ ನಿನ್ನ ರೂಮ್‌ಮೇಟ್ ಕೈಯಾಗಿತ್ತು, ಯಾರೋ ಗ್ರೂಪಿನಾಗ ಆಕಿ ಹೊಸ ಚಪ್ಪಲ್ ಫೋಟೋ ಹಾಕಿ ಕೆಳಗ ನಗೋ ಮುಖ ಹಚ್ಚಿದ್ರು, ಮುಗೀತು. ಈಗ ಹಾಸ್ಟೆಲ್ ಮೆಸ್ಸಿನಾಗ ಆಕಿ ಒಬ್ಬಾಕಿನೇ ಕೂಡ್ತಾಳ. ನೀ ಏನೂ ಅನ್ಲಿಲ್ಲ, ಖರೇ. ಆದ್ರ ಊಟದ ತಾಟು ತಗೊಂಡು ಬ್ಯಾರೆ ಟೇಬಲ್ಲಿಗಿ ಹೋಗಿ ಕುಂತಿ, ಅದನ್ನ ನೀನೇ ಹೇಳ್ದಿ, ಕಡೀಕ, ಸಣ್ಣ ದನಿಯಾಗ. ಅದಕ್ಕ ಈ ಪತ್ರ. ಫೋನಿನಾಗ ನಾ ಹೇಳಾಕ ಹೋದ್ರ ಬೈದಂಗ ಕೇಳ್ತದ, ನೀ ಹೂಂ ಹೂಂ ಅಂತ ಕಟ್ ಮಾಡ್ತಿ.

ಈ ಕತಿ ನೀ ಸಂಡೆ ಸ್ಕೂಲಿನಾಗ ಕೇಳಿದ್ದಿ, ಬಾಣ ಹೊಡಿಯೋ ಚಿತ್ರಕ್ಕ ಕಲರ್ ಹಚ್ಚಿದ್ದಿ, ಆ ಹಾಳಿ ಇನ್ನೂ ನನ್ನ ಪೆಟ್ಟಿಗ್ಯಾಗ ಅದ. ಆ ಚಿತ್ರದಾಗ ಇಬ್ಬರೂ ಒಂದೇ ವಯಸ್ಸಿನ ಹುಡುಗ್ರು ಕಂಡಂಗ ಕಾಣ್ತಾರ ನೋಡು, ಅದು ತಪ್ಪು ಅನ್ನಿಸ್ತದ ನಂಗ. ದಾವೀದ ಕುರಿ ಕಾಯೋ ಹುಡುಗ ಆಗಿ ವೈರಿ ದಂಡಿನ ದೈತ್ಯ ಗೊಲ್ಯಾತನ ಮುಂದ ಬರೋಕಿಂತ ಎಷ್ಟೋ ಮೊದಲೇ, 13ನೇ ಅಧ್ಯಾಯದಾಗೇ, ಯೋನಾತಾನನ ಕೈಕೆಳಗ 1,000 ಮಂದಿ ಸೈನಿಕರಿದ್ರು. ಅಂವ ರಾಜ ಸೌಲನ ಹಿರಿ ಮಗ, ಮುಂದ ಗಾದಿ ಮ್ಯಾಲ ಕೂಡಾಂವ, ವಯಸ್ಸಿನಾಗೂ ದೊಡ್ಡಾಂವ. ಈ ಹುಡುಗ ಗೆದ್ದು ಬಂದ್ರ ಹೆಣ್ಮಕ್ಕಳು ಊರೂರಾಗ ಹಾಡು ಕಟ್ಟಿ ಹಾಡ್ತಾರ, ಸೌಲ ಸಾವಿರ ಕೊಂದ, ದಾವೀದ ಹತ್ತು ಸಾವಿರ ಕೊಂದ ಅಂತ. ಅಪ್ಪನ ಹೊಟ್ಟಿಯಾಗ ಬೆಂಕಿ ಬಿತ್ತು, ದಾವೀದನ್ನ ಕೊಲ್ಲಾಕೇ ನಿಂತ. ಮಗನ ಹೊಟ್ಟಿಯಾಗೂ ಬೀಳಬೇಕಿತ್ತು, ಕಳಕೊಳ್ಳಾಂವ ಅಪ್ಪಗಿಂತ ಮಗನೇ ಅಲಾ. ಬೀಳಲಿಲ್ಲ.

ಇನ್ನೊಂದು ನಂಗ ಈ ಸಲ ಓದುವಾಗ ಸಿಕ್ತು. ಯೋನಾತಾನ ತನ್ನ ಮೈಮ್ಯಾಲಿನ ನಿಲುವಂಗಿ ತೆಗದು ದಾವೀದಗ ಕೊಟ್ಟ, ಬಿಲ್ಲು ಕೊಟ್ಟ, ಸೊಂಟಪಟ್ಟಿ ಕೊಟ್ಟ, ಕತ್ತೀನೂ ಕೊಟ್ಟ ಅಂತ 18ನೇ ಅಧ್ಯಾಯದಾಗ ಅದ. ಕತ್ತಿ ಕೊಟ್ರ ಏನು ದೊಡ್ಡದು, ಅರಮನಿಯಾಗ ಇಪ್ಪತ್ತು ಇರ್ತಾವ ಅನ್ಕೊಂಡಿದ್ದೆ ಇಷ್ಟು ದಿನ. ಹಿಂದಕ ತಿರುಗಿಸಿ ನೋಡಿದ್ರ, ಇಸ್ರಾಯೇಲಿನಾಗ ಒಬ್ಬ ಕಮ್ಮಾರ ಇದ್ದಿಲ್ಲಂತ, ನೇಗಿಲ ಗುಳ ಹರಿತ ಮಾಡಿಸ್ಲಾಕೂ ವೈರಿ ಊರಿಗೇ ಹೋಗ್ಬೇಕಂತ, ಆ ಯುದ್ಧದ ದಿನ ಇಡೀ ದಂಡಿನಾಗ ಕತ್ತಿ, ಭರ್ಚಿ ಇದ್ದದ್ದು ಇಬ್ಬರ ಹತ್ರ ಅಷ್ಟ, ಸೌಲ ಮತ್ತ ಯೋನಾತಾನ. ಆಮ್ಯಾಲ ಇನ್ನಷ್ಟು ಕತ್ತಿ ಬಂದಿರಬೇಕು, ಇಲ್ಲಾನ್ನಲ್ಲ. ಆದ್ರೂ ಅಂಥ ದಿನ ಕಂಡಾಂವ ಕೊಟ್ಟ ಕತ್ತಿ ಅದು.

ಈಗ ಅಮಾಸಿ ಊಟಕ್ಕ ಬಾ. ನಾ ಹೇಳಬೇಕಾದ್ದೆಲ್ಲ ಆ ಊಟದಾಗೇ ಅದ.

ನಮ್ಮ ಕಡಿ ಎಳ್ಳಮಾಸಿ ದಿನ ಹೊಲದಾಗ ಎಲ್ಲಾರೂ ಕೂಡಿ ಸಜ್ಜಿ ರೊಟ್ಟಿ ಭಜ್ಜಿ ಉಣ್ಣೋವಾಗ ಒಬ್ರು ಬರ್ಲಿಲ್ಲ ಅಂದ್ರ ಹೆಂಗ ಕೇಳ್ತಾರ ನೋಡು, ಏ ಅವ್ರು ಯಾಕ ಬಂದಿಲ್ಲ, ಏನ್ ಸಿಟ್ಟು, ಏನ್ ಜಗಳ, ಹಂಗೇ ಆಯ್ತು ಅಲ್ಲೂ. ಅಮಾವಾಸ್ಯೆ ಹಬ್ಬದ ಊಟಕ್ಕ ರಾಜನ ಪಂಕ್ತಿ. ಸೌಲ ತನ್ನ ಮಾಮೂಲಿ ಜಾಗದಾಗ, ಗ್ವಾಡಿ ಕಡಿ ಕುಂತಾನ. ಮಗ್ಗಲಾಗ ಸೇನಾಪತಿ ಅಬ್ನೇರ. ಯೋನಾತಾನ ಅದಾನ. ದಾವೀದನ ಜಾಗ ಖಾಲಿ. ಮೊದಲನೇ ದಿನ ಸೌಲ ಏನೂ ಕೇಳಲ್ಲ, ಮೈಲಿಗಿ ಆಗಿರ್ಬೇಕು ಅನ್ಕೋತಾನ. ಎರಡನೇ ದಿನ ಕೇಳ್ತಾನ, ಇಷಯನ ಮಗ ಎಲ್ಲಿ ಅಂತ. ಹೆಸರು ಹಿಡದು ಸುದ್ದಾ ಕರಿಯಲ್ಲ. ಅದನ್ನ ಗುರುತು ಹಚ್ಚು ಮಗಳ, ಒಬ್ಬರನ್ನ ಹೊರಗ ಹಾಕೋ ಮೊದಲು ಮಂದಿ ಹೆಸರು ಬಿಟ್ಟು ಬಿಡ್ತಾರ, ಆಕಿ, ಅವ್ರು, ಆ ರೂಮಿನಾಕಿ. ನಿನ್ನಿ ನೀನೂ ಫೋನಿನಾಗ ನಿನ್ನ ಗೆಳತಿ ಹೆಸರು ಒಂದು ಸಲಾನೂ ತಗೊಳಿಲ್ಲ, ನಾ ಗಮನಿಸಿದ್ದೆ.

ಯೋನಾತಾನ ಎದ್ದು ಹೇಳ್ದ, ಬೇತ್ಲೆಹೇಮಿನಾಗ ಅವರ ಮನೆತನದ ಬಲಿ ಅದ, ಅದಕ್ಕ ನನ್ನ ಕೇಳಿ ಹೋಗ್ಯಾನ ಅಂತ. (ಇದು ಸುಳ್ಳು. ಅಂವ ಹೊಲದಾಗ ಅಡಗಿ ಕುಂತಿದ್ದ, ಇಬ್ರೂ ಮೊದಲೇ ಮಾತಾಡ್ಕೊಂಡಿದ್ರು. ಇಲ್ಲಿ ನಂಗ ಜರಾ ತೊಡಕು ಅದ, ಬೈಬಲಿನಾಗ ಸರಿ ಅಂತಾನೂ ಬರದಿಲ್ಲ ತಪ್ಪು ಅಂತಾನೂ ಬರದಿಲ್ಲ, ಕೂಟದಾಗ ಯಾರರ ಕೇಳಿದ್ರ ಏನ್ ಹೇಳ್ಲಿ ಅಂತ ಇನ್ನೂ ವಿಚಾರ ಮಾಡ್ಲಕತ್ತೀನಿ. ನಿನಗಂತೂ ಸುಳ್ಳು ಹೇಳು ಅನ್ನಲ್ಲ.) ಸೌಲ ಸಿಟ್ಟಿನಾಗ ತಾಯಿ ಎತ್ತಿ ಬೈತಾನ, ಅಂವ ಇರೋತನಕ ನಿನಗ ರಾಜ್ಯ ದಕ್ಕಲ್ಲ ತಿಳಿತೈತಿಲ್ಲೋ ಅಂತಾನ. ಆ ಹೊತ್ತಿಗಿ ಯೋನಾತಾನ ಎರಡೇ ಪ್ರಶ್ನಿ ಕೇಳ್ದ. ಅಂವ ಯಾಕ ಸಾಯ್ಬೇಕು, ಅಂವ ಏನ್ ಮಾಡ್ಯಾನ. ಅಷ್ಟ. ಭಾಷಣ ಇಲ್ಲ, ನೀ ಕೆಟ್ಟಾಂವ ಅಂತ ಅಪ್ಪಗ ಬೈದದ್ದಿಲ್ಲ. ಆ ಎರಡು ಪ್ರಶ್ನಿಗಿ ಸಿಕ್ಕ ಜವಾಬು ಏನಂದ್ರ ಭರ್ಚಿ, ಹೆತ್ತ ಮಗನ ಮ್ಯಾಲೇ ಬೀಸಿ ಒಗದ. ಯೋನಾತಾನ ಉಣ್ಣಲಾರದ ಎದ್ದು ಹೋದ.

ಈಗ ಕೇಳು, ಇಲ್ಲಿ ನಂಗ ಗಂಟಲು ಕಟ್ಟಿದ್ದು ಯೋನಾತಾನಗಲ್ಲ, ಅಬ್ನೇರಗ. ಆ ಊಟಕ್ಕ ಕುಂತವರ ಪೈಕಿ ಹೆಸರು ಹಾಕ್ಯಾರ ಅವಂದು. ಸೌಲನ ಸಂಬಂಧಿ, ಇಡೀ ಸೈನ್ಯ ಅವನ ಕೈಯಾಗ, ದಾವೀದ ಏನಂತ ಅವನಿಗಿ ಗೊತ್ತದ, ಗೊಲ್ಯಾತನ ಕೊಂದ ದಿನ ದಾವೀದನ್ನ ಕರ್ಕೊಂಡು ಬಂದು ರಾಜನ ಮುಂದ ನಿಲ್ಲಿಸಿದಾಂವ ಅವನೇ. ಆ ಪಂಕ್ತಿಯಾಗ ಅಂವ ಒಂದ್ ಮಾತು ಆಡಿದ್ದು ಬರದಿಲ್ಲ. ಏನೂ ಮಾಡಿಲ್ಲ, ಸುಮ್ನಿದ್ದ ಅಷ್ಟ.

ನಾನೂ ಅಬ್ನೇರಳೇ ಮಗಳ. ಇದನ್ನ ನಿನಗ ಎಂದೂ ಹೇಳಿಲ್ಲ.

ನೀ ಎರಡನೇ ಕ್ಲಾಸಿನಾಗಿದ್ದಾಗ ನಮ್ಮನಿಗಿ ಬರ್ತಿದ್ಳಲಾ ಒಬ್ಬಾಕಿ ಆಂಟಿ, ನಿನಗ ಕೆಂಪ ಬಾಳೆಹಣ್ಣು ತರ್ತಿದ್ಳು, ಕಮಲಾಪುರ ಆಕಿ ತವರು. ನಾವಿಬ್ರೂ ಕೂಡೇ ನರ್ಸಿಂಗ್ ಟ್ರೇನಿಂಗ್ ಮಾಡಿದ್ವಿ, ಕೂಡೇ ಡ್ಯೂಟಿ, ನವೆಂಬರ್ ಬಂತಂದ್ರ ಕೂಡೇ ಧಾರೂರ ಜಾತ್ರಿಗಿ ಹೋಗ್ತಿದ್ವಿ, ಒಂದೇ ಚಾದರದಾಗ ಇಬ್ರೂ ಮಲಗಿದ್ದೂ ಅದ ಅಲ್ಲಿ ಥಂಡಿಗಿ. ಒಂದು ವರ್ಷ ನಮ್ಮ ವಾರ್ಡಿನ ಸ್ಟಾಕ್ ರಜಿಸ್ಟರಿನಾಗ ಇಂಜೆಕ್ಷನ್ ಲೆಕ್ಕ ತಪ್ಪಿತು. ಕಪಾಟಿನ ಚಾವಿ ಆ ವಾರ ಆಕಿ ಹೆಸರಿಗಿತ್ತು. ಆದ್ರ ಚಾವಿ ಯಾವಾಗ್ಲೂ ಟೇಬಲ್ ಡ್ರಾದಾಗ ಬಿದ್ದಿರ್ತಿತ್ತು, ರಾತ್ರಿ ಎಮರ್ಜೆನ್ಸಿ ಬಂದ್ರ ಯಾರ್ ಬೇಕಾದವ್ರು ತಗೋತಿದ್ರು, ನಾನೂ ತಗೊಂಡೀನಿ, ಡಾಕ್ಟರೂ ತಗೊಂಡಾರ, ಬರಿಯೋದು ಮರತೀವಿ. ಇದು ವಾರ್ಡಿಗೆಲ್ಲ ಗೊತ್ತು. ವಿಚಾರಣಿ ಇಟ್ರು, ಒಬ್ಬೊಬ್ಬರನ್ನೇ ಕರದು ಕೇಳಿದ್ರು, ಚಾವಿ ಯಾರ ಕೈಯಾಗಿರ್ತಿತ್ತು ಅಂತ. ನನ್ನ ಪರ್ಮನೆಂಟ್ ಆರ್ಡರ್ ಬರೋದಿತ್ತು ಆ ತಿಂಗಳು. ನಂಗ ಗೊತ್ತಿಲ್ಲ ಸರ್ ಅಂದೆ. ಅಷ್ಟ ಅಂದೆ, ಆಕಿ ವಿರುದ್ಧ ಒಂದಕ್ಷರ ಹೇಳ್ಲಿಲ್ಲ, ಅದಕ್ಕ ನಾ ಚಲೋ ಮಾಡೀನಿ ಅಂತಾನೂ ಅನ್ಕೊಂಡೆ ನೋಡು ಆ ಹೊತ್ತಿನಾಗ.

ಆಕಿ ನೌಕರಿ ಬಿಟ್ಟು ಗಂಡನ ಊರಿಗಿ, ಔರಾದ ತಾಲೂಕಿಗಿ ಹೋದ್ಳು. ನಾ ಹೋಗ್ಲಿಲ್ಲ. ಇವತ್ತ ಹೋಗ್ತೀನಿ ನಾಳಿ ಹೋಗ್ತೀನಿ, ಡ್ಯೂಟಿ ಅದ, ನಿನಗ ಜ್ವರ ಬಂದದ, ಮಳಿ ಅದ, ಬಸ್ ಸರಿ ಇಲ್ಲ. ಔರಾದ ಏನು ಅಮೆರಿಕಾದಾಗ ಅದ ಏನು. ಆರು ವರ್ಷ ಆದ ಮ್ಯಾಲ ಹೋದೆ, ಅದೂ ಆಕಿ ಅತ್ತಿ ತೀರಿಕೊಂಡ ಸುದ್ದಿ ಕೇಳಿ, ಮಣ್ಣಿನ ನೆಪ ಸಿಕ್ತು ಅಂತ. ಆಕಿ ಚಹಾ ಮಾಡಿದ್ಳು. ನಾ ಕ್ಷಮಾ ಕೇಳ್ಲಾಕ ಹೋದ್ರ ಕೈ ಹಿಡದು ಕುಂದರ್ಸಿ ಒಂದೇ ಮಾತು ಹೇಳ್ದಳು. ನೌಕರಿ ಹೋದದ್ದಕ್ಕ ನಾ ಅಳಲಿಲ್ಲ, ಕ್ಯಾಂಟೀನಿನಾಗ ನನ್ನ ಬಾಜೂ ಯಾರೂ ಕೂಡ್ಲಿಲ್ಲ ಅಲಾ ಆ ಹದಿನೈದು ದಿನ, ನೀನೂ ಕೂಡ್ಲಿಲ್ಲ, ಅದಕ್ಕ ಅತ್ತೆ. ಸಹಿ ಹಾಕಿ ಸಾಕ್ಷಿ ಹೇಳು ಅಂತ ಆಕಿ ಎಂದೂ ಬಯಸಿದ್ದಿಲ್ಲಂತ, ನನಗೂ ಮಗಳದಾಳ, ಸಂಸಾರ ಅದ, ಅದು ಆಕಿಗಿ ತಿಳೀತಿತ್ತು. ತಾಟು ತಂದು ಬಾಜೂ ಇಟ್ಟಿದ್ರ ಸಾಕಿತ್ತಂತ.

ನೀ ಮೆಸ್ಸಿನ ಮಾತು ಹೇಳ್ದಾಗ ನಂಗ ಯಾಕ ಫೋನಿನಾಗ ಮಾತೇ ಹೊರಡ್ಲಿಲ್ಲ ಅಂತ ಈಗ ತಿಳೀತಾ. ನೆಟ್‌ವರ್ಕ್ ಹೋಗಿದ್ದಿಲ್ಲ.

ಇದಕ್ಕ ನಾ ಹೇಳೋದು, ಯೋನಾತಾನ ಬಾಣ ಹೊಡದದ್ದು, ಬಾಣ ಆರಿಸ್ಕೊಂಡು ಬರೋ ಹುಡುಗಗ ಬಾಣ ಇನ್ನೂ ಮುಂದ ಅದ ನೋಡು ಅಂತ ಕೂಗಿ ದಾವೀದಗ ಓಡಿ ಹೋಗು ಅಂತ ಗುಟ್ಟು ತಿಳಿಸಿದ್ದು, ಇಬ್ರೂ ಅತ್ತದ್ದು, ಅದೆಲ್ಲ ಎಲ್ಲಾರಿಗೂ ನೆನಪಿರ್ತದ, ಸಂಡೆ ಸ್ಕೂಲಿನಾಗ ಅಲ್ಲಿಗಿ ನಿಲ್ಲಿಸ್ತಾರ. 23ನೇ ಅಧ್ಯಾಯ ಯಾರೂ ಓದಲ್ಲ. ಅಲ್ಲಿ ದಾವೀದ ಜೀಫ್ ಅಡವಿಯಾಗ ಹೋರೆಷದಾಗ ಅಡಗ್ಯಾನ, ಸೌಲ ದಿನಾ ಹುಡುಕ್ಲಕತ್ಯಾನ, ಸಿಗವಲ್ಲ. ಆದ್ರ ಯೋನಾತಾನಗ ಸಿಕ್ಕ. ಮೂರು ಸಾವಿರ ಮಂದಿ ಕಟ್ಕೊಂಡು ತಿರುಗೋ ರಾಜಗ ಸಿಗಲಾರದಾಂವ ಒಬ್ಬನೇ ಎದ್ದು ಹೋದ ಗೆಳೆಯಗ ಹೆಂಗ ಸಿಕ್ಕ ಅಂತ ಬರದಿಲ್ಲ, ನಂಗಂತೂ ಆಶ್ಚರ್ಯ ಇಲ್ಲ. ಸೌಲನ ಊರು ಗಿಬೆಯದಿಂದ ಜೀಫ್‌ಗ ಸುಮಾರು 40 ಕಿಲೋಮೀಟರ್ ಆಗ್ತದಂತ, ಬೀದರದಿಂದ ಭಾಲ್ಕಿಗಿ ಹೋದಂಗ, ಬಸ್ಸಿಲ್ಲ, ಗುಡ್ಡಗಾಡು. ಹೋಗಿ ಏನ್ ಮಾಡ್ದ? ಸೈನ್ಯ ಒಯ್ಯಲಿಲ್ಲ, ಕೇಸ್ ವಾಪಸ್ ತಗಸ್ಲಿಲ್ಲ, ಅಪ್ಪನ ಮನಸ್ಸು ತಿರುಗ್ಸಾಕೂ ಆಗ್ಲಿಲ್ಲ ಅವನ ಕೈಲೆ. ಅಂಜಬ್ಯಾಡ ಅಂದ, ದೇವರ ಮ್ಯಾಲಿನ ಭರೋಸಾ ಗಟ್ಟಿ ಮಾಡ್ದ, ನೀನೇ ರಾಜ ಆಗ್ತಿ ನಾ ನಿನ್ನ ಎರಡನೇಯಾಂವ ಆಗಿರ್ತೀನಿ ಅಂದ, ಮನಿಗಿ ಹೋದ. ಬೈಬಲಿನಾಗ ಅವರಿಬ್ಬರ ಕಡೀ ಭೇಟಿ ಅದೇ. ಎರಡನೇಯಾಂವ ಆಗ್ಲೇ ಇಲ್ಲ ಅಂವ, ಗಿಲ್ಬೋವ ಗುಡ್ಡದಾಗ ಅಪ್ಪನ ಜೊತಿಗೇ ಯುದ್ಧದಾಗ ಸತ್ತ.

ಅಪ್ಪನ ಜೊತಿಗೇ ಅಂದೆ ನೋಡು. ಗೆಳೆಯನ ಕಡಿ ಇದ್ದೀನಿ ಅಂತ ಅಪ್ಪನ್ನ ಬಿಟ್ಟು ಗುಂಪು ಕಟ್ಟಲಿಲ್ಲ ಅಂವ. ನೀನೂ ಕ್ಲಾಸಿನವರ ಮ್ಯಾಲೆಲ್ಲ ಜಗಳ ತಗದು ಎರಡು ಪಾರ್ಟಿ ಮಾಡು ಅಂತ ನಾ ಹೇಳವಲ್ಲೆ, ಆ ಹುಡುಗ್ಯಾರೂ ಕೆಟ್ಟವ್ರಲ್ಲ, ಹೆದರ್ಯಾರ, ಇವತ್ತ ಆಕಿ ನಾಳಿ ನಾವು ಅಂತ.

ಇನ್ನ ನೀ ಕೇಳ್ತಿ, ಮಮ್ಮಿ ಆಕಿ ಖರೇನೇ ರೊಕ್ಕ ತಗೊಂಡಿದ್ರ? ಕೇಳು ಆಕಿನ್ನೇ. ಮುಖ ನೋಡಿ ಕೇಳು, ರೂಮಿನ ಬಾಗಲಾ ಹಾಕಿ. ದಾವೀದನೇ ಹೇಳಿದ್ದ ಯೋನಾತಾನಗ, ನನ್ನ ಹಂತೇಕ ತಪ್ಪಿದ್ರ ನೀನೇ ನನ್ನ ಕೊಂದು ಹಾಕು, ನಿಮ್ಮಪ್ಪನ ತನ ಯಾಕ ಒಯ್ತಿ ಅಂತ. ತಗೊಂಡೀನಿ ಅಂದ್ರ, ತಿರುಗಿ ಕೊಡಾಕ ಹೋಗೋವಾಗ ಜೊತಿಗಿ ಹೋಗು. ತಗೊಂಡಿಲ್ಲ ಅಂದ್ರ ಕುಂತು ಲೆಕ್ಕ ಕೂಡಿಸಿ ನೋಡ್ರಿ, ಫೋನ್‌ಪೇದಾಗ ಬಂದದ್ದು, ಕೈಯಾಗ ಕೊಟ್ಟದ್ದು, ಬಸ್ಸಿನಾಂವಗ ಕೊಟ್ಟ ಅಡ್ವಾನ್ಸ್. ನಿಮ್ಮಪ್ಪನ ಹಂಗ ನಂಗೂ ಅನ್ನಿಸ್ತದ, ನಾಲ್ಕು ಸಾವಿರ ಅಂದ್ರ ಅಡ್ವಾನ್ಸ್ ಇದ್ದಂಗ ಅದ. ಯಾವುದಕ್ಕೂ ಊಟಕ್ಕ ಬಾಜೂ ಕೂಡೋದನ್ನ ಲೆಕ್ಕ ಮುಗಿಯೋತನಕ ತಡಾ ಹಾಕಬ್ಯಾಡ.

ನಮ್ಮೂರಾಗೇ ನೋಡು, ಮದರಸಾ ಮುಂದಿಂದ ನೀ ಸಾವಿರ ಸಲ ಹಾದು ಹೋಗಿದ್ದಿ. 1472ರಾಗ ಕಟ್ಟಿಸಿದ ಮಹಮೂದ ಗಾವಾನ, ಅಷ್ಟು ದೊಡ್ಡ ವಜೀರ, 1481ರಾಗ ತಲಿ ತಗಿಸಿದ ಸುಲ್ತಾನ. ಕಾರಣ ಒಂದು ಖೊಟ್ಟಿ ಪತ್ರ, ಒರಿಸ್ಸಾದ ರಾಜಗ ಇಂವ ಬರದಾನ ಅಂತ. ಆ ಪತ್ರ ಹೆಂಗ ಹುಟ್ಟಿತು ಅಂದ್ರ, ಗಾವಾನನ ಮೊಹರು ಇಟ್ಕೊಂಡಾಂವನ ಜೊತಿ ವೈರಿಗಳು ದೋಸ್ತಿ ಬೆಳಸಿ, ಕುಡಿಸಿ, ಖಾಲಿ ಹಾಳಿ ಮ್ಯಾಲ ಮೊಹರು ಒತ್ತಿಸ್ಕೊಂಡ್ರು ಅಂತ ಹಳೇ ಇತಿಹಾಸದಾಗ ಬರದಾರ. ಅದಕ್ಕೂ ದೋಸ್ತಿ ಅಂತಾನೇ ಹೆಸರು! ಆ ಚಪ್ಪಲ್ ಫೋಟೋ ನೋಡಿದ್ರ ನಂಗ ಆ ಪತ್ರಾನೇ ನೆನಪಾಗ್ತದ, ಯಾರು ಮೊದಲು ಹಾಕಿದ್ರು, ಯಾಕ ಹಾಕಿದ್ರು ಯಾರೂ ಕೇಳ್ಲಿಲ್ಲ, ನೋಡಿದ ಕೂಡ್ಲೇ ತೀರ್ಪು. ನಿಮ್ಮ ಪಪ್ಪಾಗ ಈ ಮಾತು ಹೇಳಿದ್ರ ಎಲ್ಲಿಂದ ಎಲ್ಲಿಗಿ ಹೋಗ್ತಿ ಮಾರಾಯ್ತಿ ಅಂತಾರ.

ಇನ್ನೊಂದು ಹೇಳಿ ಮುಗಿಸ್ತೀನಿ, ಕುಕ್ಕರ್ ಮೂರನೇ ಸೀಟಿ ಹೊಡೀತು. ಯೋನಾತಾನ ಸತ್ತಾಗ ಅವನ ಮಗ ಮೆಫೀಬೋಶೆತ ಐದು ವರ್ಷದಾಂವ, ಸುದ್ದಿ ಕೇಳಿ ದಾದಿ ಎತ್ಕೊಂಡು ಓಡೋವಾಗ ಕೈಯಾಗಿಂದ ಬಿದ್ದು ಎರಡೂ ಕಾಲು ಕುಂಟಾದ್ವು. ಆ ಕೂಸು ಬೆಳದು, ಲಗ್ನ ಆಗಿ, ಅವನಿಗೂ ಮೀಕ ಅಂತ ಒಬ್ಬ ಮಗ ಹುಟ್ಟಿದ ಮ್ಯಾಲ ದಾವೀದಗ ನೆನಪಾಯ್ತು, ಸೌಲನ ಮನೆತನದಾಗ ಯಾರರ ಉಳದಾರೇನು, ಯೋನಾತಾನನ ಸಲುವಾಗಿ ದಯೆ ತೋರಿಸ್ಬೇಕು ಅಂತ. ದಾವೀದನೂ ತಡಾ ಮಾಡ್ದ ಮಗಳ, ನನ್ನಂಗ, ನನ್ನಕಿಂತ ಜಾಸ್ತಿ. ಆರು ವರ್ಷದ ಮ್ಯಾಲ ಔರಾದ ಬಸ್ ಹತ್ತಿದಾಗ ನಂಗ ಈ 2 ಸಮುವೇಲ 9ನೇ ಅಧ್ಯಾಯವೇ ಧೈರ್ಯ ಕೊಟ್ಟದ್ದು. ಲೋದೆಬಾರ್ ಅನ್ನೋ ಊರಾಗ ಮಾಕೀರ ಅನ್ನಾಂವನ ಮನಿಯಾಗ ಇದ್ದ ಅಂವ, ಕರೆ ಕಳಿಸಿ ಕರಿಸ್ಕೊಂಡು ಅಜ್ಜನ ಹೊಲ ಎಲ್ಲಾ ತಿರುಗಿ ಕೊಟ್ಟು, ದಿನಾ ನನ್ನ ಪಂಕ್ತಿಯಾಗೇ ಉಣ್ಣು ಅಂದ. ಒಂದು ಕಾಲಕ್ಕ ರಾಜನ ಪಂಕ್ತಿಯಾಗ ತನ್ನ ಜಾಗ ಖಾಲಿ ಬಿಟ್ಟು ಓಡಿದಾಂವ, ತನ್ನ ಪರವಾಗಿ ಅಲ್ಲಿ ಮಾತಾಡಿದ ಗೆಳೆಯನ ಮಗನ್ನ ತನ್ನ ಪಂಕ್ತಿಗಿ ಕುಂದರ್ಸಿದ.

ಮತ್ತ ಆ ಮಾಕೀರ, ನಂಗ ಅಂವ ಭಾಳ ಇಷ್ಟ. ವೈರಿ ರಾಜನ ಮೊಮ್ಮಗ, ಕುಂಟ, ಲಾಭ ಏನೂ ಇಲ್ಲ, ವರ್ಷಗಟ್ಲೆ ಮನಿಯಾಗ ಇಟ್ಕೊಂಡಾನ. ಮುಂದ ದಾವೀದ ತನ್ನ ಮಗ ಅಬ್ಷಾಲೋಮಗ ಅಂಜಿ ಊರು ಬಿಟ್ಟು ಮಹನಯಿಮಿಗಿ ಬಂದಾಗ ಹಾಸಿಗಿ, ಗಡಿಗಿ, ಗೋದಿ, ಜವೆ, ಹುರದ ಕಾಳು, ಬ್ಯಾಳಿ, ಜೇನು, ಕುರಿ ತಂದು ಕೊಟ್ಟವರಾಗ ಇವನೂ ಒಬ್ಬ. ಅಡಗಿಮನಿ ಸಾಮಾನಿನ ಯಾದಿ ಹಂಗ ಅದ ಆ ವಚನ, ನಾ ಓದಿ ಒಬ್ಬಾಕಿನೇ ನಕ್ಕೆ. ಔರಾದ ಆಂಟಿ ಹೋದ ಕ್ರಿಸ್ಮಸಿಗಿ ಐದು ಕಿಲೋ ತೊಗರಿ ಬ್ಯಾಳಿ ಕಳಿಸಿದ್ಳು, ಹೊಲದ್ದು. ನಾ ಏನ್ ಕಳಿಸ್ಲಿ ಆಕಿಗಿ ಅಂತ ಇನ್ನೂ ವಿಚಾರದಾಗೇ ಅದೀನಿ.

ಕೂಟದಾಗ ಈ ಚಾವಿ ಸುದ್ದಿ ಹೇಳ್ಬೇಕೋ ಬ್ಯಾಡೋ ಗೊತ್ತಾಗವಲ್ದು. ಹೇಳಿದ್ರ ಮಂಗಲಪೇಟಿಗೆಲ್ಲ ಹಬ್ಬತದ ಸಂಜಿಯೊಳಗ. ಆಕಿಗೊಂದು ಫೋನ್ ಹಚ್ಚಿ ಕೇಳ್ತೀನಿ ಮೊದಲು, ನಿನ್ನ ಹೆಸರು ಬಿಟ್ಟು ಹೇಳ್ಲೇನು ಅಂತ. ಹೂಂ ಅಂದ್ರ ಹೇಳ್ತೀನಿ.

ನಾಳಿ ಪಕ್ಕದ ಮನಿ ಹುಡುಗ ಕಲಬುರಗಿ ರೈಲಿಗಿ ಬರ್ಲಕತ್ತಾನ, ಅವನ ಕೈಯಾಗ ಡಬ್ಬಿ ಕಳಿಸ್ಲಕತ್ತೀನಿ. ಹದಿನೈದು ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಾಟ್ಲಿ ಮಾವಿನಕಾಯಿ ಉಪ್ಪಿನಕಾಯಿ. ಇಬ್ಬರಿಗಿ ಸಾಲ್ತದ. ಆಕಿಗಿ ಖಾರ ಆಗಲ್ಲ ಅಂತಿದ್ದಿ, ಅದಕ್ಕ ಒಂದಿಷ್ಟು ಹಿಂಡಿ ಖಾರ ಕಮ್ಮಿ ಹಾಕಿ ಬ್ಯಾರೆ ಕಟ್ಟೀನಿ, ಹಳದಿ ಮುಚ್ಚಳದ್ದು. ಮುಚ್ಚಳ ಕಳೀಬ್ಯಾಡ, ಹೋದ ಸಲದ್ದೇ ಇನ್ನೂ ತಿರುಗಿ ಬಂದಿಲ್ಲ.

ನಿನ್ನ
ಮಮ್ಮಿ
ಬೀದರ